15 ದಿನದ ಡಿಜೆ, 350 ದಿನದ ಲ್ಯಾಪ್‌ಟಾಪ್



ಇವತ್ತು ಯಾರ ರಾಜೀನಾಮೆಯೂ ಬೇಡ, ಯಾರ ಮೈತ್ರಿಯೂ ಬೇಡ. ಒಂದು ಲ್ಯಾಪ್‌ಟಾಪ್ ಖರೀದಿ ಬಗ್ಗೆ ಮಾತಾಡೋಣ. ನಗಬೇಡಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಎಷ್ಟೋ ಮನೆಗಳಲ್ಲಿ ಈ ಖರೀದಿ ಒಂದು ಜೋಡಿ ಎತ್ತು ಕೊಂಡಷ್ಟೇ ದೊಡ್ಡ ಸಂಗತಿ. ಮೆಣಸಿನಕಾಯಿ ಮಾರಿದ ದುಡ್ಡು, ಸ್ವಸಹಾಯ ಸಂಘದ ಸಾಲ, ಅವ್ವನ ಕಿವಿಯೋಲೆ, ಇದರಲ್ಲಿ ಯಾವುದೋ ಒಂದು ಆ ಲ್ಯಾಪ್‌ಟಾಪ್‌ನ ಹಿಂದೆ ನಿಂತಿರುತ್ತೆ.

ಮಗ ಹೇಳ್ತಾನೆ, ಡಿಜೆ ಆಗ್ತೀನಿ, ಹಾಡು ಮಾಡ್ತೀನಿ ಅಂತ. ಅಪ್ಪನಿಗೆ ಡಿಜೆ ಅಂದ್ರೆ ಏನು ಅಂತ ಗೊತ್ತು, ಊರಿನ ಗಣಪತಿ ಮುಂದೆ ನೋಡಿದ್ದಾನೆ. ಆದರೆ ಅಂಗಡಿಯವನು ಹೇಳೋ ಐ5, ಐ7, ಗ್ರಾಫಿಕ್ಸ್ ಕಾರ್ಡ್ ಗೊತ್ತಿಲ್ಲ. ಮಗನಿಗೆ ಗೊತ್ತಿದೆ ಅಂತ ಅಪ್ಪ ನಂಬಿರ್ತಾನೆ. ಮಗ ರೀಲ್ಸ್ ನಂಬಿರ್ತಾನೆ. ಕೊನೆಗೆ ಕೌಂಟರ್ ಮುಂದೆ ನಿಂತು ಇಬ್ಬರೂ ಕೇಳೋದು ಒಂದೇ ಪ್ರಶ್ನೆ. "ಸರ, ಡಿಜೆಗೆ ಛಲೋ ಲ್ಯಾಪ್‌ಟಾಪ್ ಯಾವುದ್ರಿ?"

ನಾನು ಇಂಜಿನಿಯರಿಂಗ್ ಓದಿ ನ್ಯೂಸ್‌ಗೆ ಬಂದವನು. ಇಂಜಿನಿಯರ್ ಯಾವ ಯಂತ್ರ ಅಂತ ಹೇಳೋ ಮೊದಲು ಕೇಳೋದು, ಎಷ್ಟು ಗಂಟೆ ಕೆಲಸ, ಎಂಥಾ ಕೆಲಸ ಅಂತ. ಹಾಗಾಗಿ ಅಂಗಡಿಗೆ ಹೋಗೋ ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ.

ಕ್ಯಾಲೆಂಡರ್ ಯಾಕೆ? ಶಬ್ದ ಮಾಲಿನ್ಯ ನಿಯಂತ್ರಣ ನಿಯಮಗಳು 2000ರಿಂದ ಜಾರಿಯಲ್ಲಿವೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂತ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು. ಎಷ್ಟು ದಿನ? ವರ್ಷಕ್ಕೆ ಹೆಚ್ಚೆಂದರೆ 15 ದಿನ. ಅದರ ಮೇಲೆ, ಇತ್ತೀಚಿನ ವರ್ಷಗಳಲ್ಲಿ ರಾಜ್ಯದ ಹಲವು ಜಿಲ್ಲಾಡಳಿತಗಳು ಗಣೇಶ ಮೆರವಣಿಗೆಗೆ ಡಿಜೆಯನ್ನೇ ನಿಷೇಧಿಸಿವೆ. ಅದು ಸರೀನಾ ತಪ್ಪಾ ಅನ್ನೋ ಚರ್ಚೆ ಬೇರೆ ದಿನ ಮಾಡೋಣ. ಇವತ್ತಿನ ಪ್ರಶ್ನೆ ಇಷ್ಟೇ. ಸಾಲ ಮಾಡಿ ತಂದ ಯಂತ್ರದ ಇಡೀ ದುಡಿಮೆ ಆ ಕೆಲವೇ ದಿನಗಳ ಮೇಲೆ ನಿಂತಿದ್ದರೆ, ಒಂದು ಆದೇಶ ಬಂದ ದಿನ ಆ ಮನೆಯ ಕಂತು ಕಟ್ಟೋರು ಯಾರು?

ಅದಕ್ಕೇ ಹೇಳ್ತಿದೀನಿ. ಲ್ಯಾಪ್‌ಟಾಪ್ ಆರಿಸೋವಾಗ ಟ್ರಾಲಿ ಮೇಲಿನ 15 ದಿನ ನೋಡಬೇಡಿ, ಉಳಿದ 350 ದಿನ ನೋಡಿ.

ಆ 350 ದಿನಕ್ಕೆ ಈ ಜಿಲ್ಲೆಯಲ್ಲಿ ಕೆಲಸ ಇದೆಯಾ? ಇದೆ ಸ್ವಾಮಿ. ದೀಪಾವಳಿ ಮುಗಿದ ಮೇಲೆ ಹಾವೇರಿ ಸೀಮೆಯಲ್ಲಿ ಕೊಬ್ಬರಿ ಹೋರಿ ಶುರುವಾಗುತ್ತೆ. ಹೆಸರಾದ ಹೋರಿಗಳಿಗೆ ಅಭಿಮಾನಿಗಳಿದ್ದಾರೆ, ಅಭಿಮಾನಿಗಳು ಹೋರಿ ಹೆಸರಲ್ಲಿ ಹಾಡು ಮಾಡಿಸ್ತಾರೆ. ಉತ್ತರ ಕರ್ನಾಟಕದ ಜಾನಪದ ಡಿಜೆ ಹಾಡುಗಳನ್ನ ಯೂಟ್ಯೂಬ್‌ನಲ್ಲಿ ಬೆಂಗಳೂರಿನವರೂ ಕೇಳ್ತಾರೆ. ಡೊಳ್ಳಿನ ತಂಡ, ಭಜನಾ ತಂಡ, ಶಾಲೆಯ ವಾರ್ಷಿಕೋತ್ಸವ, ಮದುವೆ ವಿಡಿಯೊ, ಅಂಗಡಿ ಪ್ರಚಾರದ ಆಟೊ, ಇವರಿಗೆಲ್ಲಾ ಧ್ವನಿ ಮುದ್ರಣ ಬೇಕು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಷರೀಫರು ತೀರಿಕೊಂಡಿದ್ದು 1889ರಲ್ಲಿ. ಅವರ ತತ್ವಪದಗಳ ಸಾಹಿತ್ಯಕ್ಕೆ ಇವತ್ತು ಯಾರ ಕಾಪಿರೈಟೂ ಇಲ್ಲ. ಕಾಗಿನೆಲೆಯ ಕನಕದಾಸರ ಕೀರ್ತನೆಗಳಿಗೂ ಇಲ್ಲ. ಆದರೆ ಬೇರೆಯವರು ಹಾಕಿದ ರಾಗ, ಬೇರೆಯವರು ಮಾಡಿದ ರೆಕಾರ್ಡಿಂಗ್ ಎತ್ತಿಕೊಂಡ್ರೆ ಅದಕ್ಕೆ ಹಕ್ಕುದಾರರಿರ್ತಾರೆ. ನೀವೇ ರಾಗ ಹಾಕಿ, ನಿಮ್ಮೂರಿನ ಹಾಡುಗಾರರಿಂದ ಹಾಡಿಸಿ. ಆ ಹಾಡು ನಿಮ್ಮ ತಂಡದ್ದು.

ಈಗ ಎರಡು ಕೆಲಸ ಬೇರೆ ಬೇರೆ ಅಂತ ತಿಳ್ಕೊಳ್ಳಿ. ಡಿಜೆ ಮಾಡೋದು ಅಂದ್ರೆ ಸಿದ್ಧ ಇರೋ ಹಾಡುಗಳನ್ನ ತಾಳ ತಪ್ಪದ ಹಾಗೆ ಒಂದಕ್ಕೊಂದು ಜೋಡಿಸಿ ನುಡಿಸೋದು. ಅದಕ್ಕೆ ಲ್ಯಾಪ್‌ಟಾಪ್‌ಗೆ ಭಾರೀ ಶಕ್ತಿ ಬೇಡ, ಕೈ ಕೊಡದ ಗುಣ ಬೇಕು. ಸಂಗೀತ ತಯಾರಿ ಅಂದ್ರೆ ಹಾಡನ್ನ ಹುಟ್ಟಿಸೋದು. ತಬಲಾ ಒಂದು ಟ್ರ್ಯಾಕ್, ಹಾರ್ಮೋನಿಯಂ ಒಂದು ಟ್ರ್ಯಾಕ್, ಧ್ವನಿ ಒಂದು ಟ್ರ್ಯಾಕ್, ಪ್ರತಿಯೊಂದಕ್ಕೂ ಮೇಲೆ ನಾಲ್ಕೈದು ಎಫೆಕ್ಟು. ಇಲ್ಲಿ ಶಕ್ತಿ ಬೇಕು. ಹಾಡು ಮಾಡೋ ಲ್ಯಾಪ್‌ಟಾಪ್‌ನಲ್ಲಿ ಡಿಜೆ ಆರಾಮಾಗಿ ನಡೆಯುತ್ತೆ. ಡಿಜೆಗಷ್ಟೇ ಸಾಲೋ ಲ್ಯಾಪ್‌ಟಾಪ್‌ನಲ್ಲಿ ಹಾಡು ಮಾಡೋಕೆ ಕೂತ್ರೆ ತಿಣುಕುತ್ತೆ. ಒಂದೇ ಸಲ ಕೊಳ್ಳೋರು ಹಾಡು ಮಾಡೋ ಲೆಕ್ಕದಲ್ಲೇ ಕೊಳ್ಳಬೇಕು.

ಮೆರವಣಿಗೆ ನಡುವೆ ಹಾಡು 'ಟಕ್ ಟಕ್' ಅಂತ ತುಂಡಾಗೋದನ್ನ ಕೇಳಿದ್ದೀರಲ್ಲ? ಅದು ಯಾಕೆ ಆಗುತ್ತೆ? ಒಂದು ಕೊಡ ಕಲ್ಪಿಸ್ಕೊಳ್ಳಿ. ಪ್ರೊಸೆಸರ್ ಅನ್ನೋ ನಲ್ಲಿ ಕೊಡಕ್ಕೆ ನೀರು ತುಂಬ್ತಾ ಇದೆ, ಸ್ಪೀಕರ್ ಅದೇ ಕೊಡದಿಂದ ನೀರು ಕುಡೀತಾ ಇದೆ. ಆ ಕೊಡಕ್ಕೆ ಬಫರ್ ಅಂತ ಹೆಸರು. ನಲ್ಲಿ ಒಂದು ಕ್ಷಣ ನಿಂತು ಕೊಡ ಖಾಲಿಯಾದ್ರೆ ಆಗ ಕೇಳೋದೇ ಆ 'ಟಕ್'. ಹಾಗಾದ್ರೆ ದೊಡ್ಡ ಕೊಡ ಇಟ್ರೆ ಆಯ್ತಲ್ಲ? ಇಡಬಹುದು, ಆದರೆ ಕೊಡ ದೊಡ್ಡದಾದಷ್ಟೂ ಶಬ್ದ ತಡವಾಗಿ ಹೊರಗೆ ಬರುತ್ತೆ. ಲೆಕ್ಕ ನೋಡಿ. ಡಿಜಿಟಲ್ ಸಂಗೀತದಲ್ಲಿ ಒಂದು ಸೆಕೆಂಡಿಗೆ ಸಾಮಾನ್ಯವಾಗಿ 44,100 ಸ್ಯಾಂಪಲ್ ಇರುತ್ತೆ. ಬಫರ್ 128 ಇಟ್ರೆ ತಡ ಸುಮಾರು 3 ಮಿಲಿಸೆಕೆಂಡ್. 512 ಇಟ್ರೆ ಸುಮಾರು 12. 1024 ಇಟ್ರೆ 23. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಅಂದ್ರೆ 12 ಮಿಲಿಸೆಕೆಂಡ್ ತಡ ಅಂದ್ರೆ ಸ್ಪೀಕರ್ 4 ಮೀಟರ್ ದೂರ ಇಟ್ಟ ಹಾಗೆ. ಡಿಜೆಗೆ ಅದು ನಡೆಯುತ್ತೆ. ಆದರೆ ಹಾಡುಗಾರನ ಧ್ವನಿಯನ್ನ ಮುದ್ರಿಸ್ತಾ ಅವನ ಹೆಡ್‌ಫೋನ್‌ಗೇ ವಾಪಸ್ ಕೊಡೋವಾಗ ಹಾಗಿರಲ್ಲ. ಅಲ್ಲಿ ತಡ ಜಾಸ್ತಿಯಾದ್ರೆ ಹಾಡುಗಾರ ತಾಳ ತಪ್ತಾನೆ. ಸಣ್ಣ ಕೊಡ ಇಟ್ಟರೂ ಖಾಲಿಯಾಗದ ಹಾಗೆ ತುಂಬೋ ನಲ್ಲಿ ಬೇಕು. ಒಳ್ಳೇ ಲ್ಯಾಪ್‌ಟಾಪ್ ಅಂದ್ರೆ ಇದೇ.

ಈಗ ಅಂಗಡಿಗೆ ಹೋಗೋಣ. ಬೋರ್ಡ್ ಮೇಲೆ ಐ7 ಅಂತ ದೊಡ್ಡದಾಗಿ ಬರೆದಿರುತ್ತೆ. ಅಷ್ಟು ಓದಿ ನಿಲ್ಲಿಸಬೇಡಿ, ಪೂರ್ತಿ ಹೆಸರು ಓದಿ. ಹಳೇ ತಲೆಮಾರಿನ ಐ7ಗಿಂತ ಹೊಸ ತಲೆಮಾರಿನ ಐ5 ಎಷ್ಟೋ ಸಲ ಜೋರಾಗಿ ಓಡುತ್ತೆ. ಸಂಗೀತದ ಸಾಫ್ಟ್‌ವೇರ್‌ಗಳು ಒಂದು ಟ್ರ್ಯಾಕಿನ ಎಫೆಕ್ಟುಗಳ ಸರಪಳಿಯನ್ನ ಸಾಮಾನ್ಯವಾಗಿ ಒಂದೇ ಕೋರ್ ಮೇಲೆ ಹಾಕ್ತವೆ. ಹಾಗಾಗಿ ಎಷ್ಟು ಕೋರ್ ಅನ್ನೋದರ ಜೊತೆಗೆ ಒಂದೊಂದು ಕೋರ್ ಎಷ್ಟು ವೇಗ ಅನ್ನೋದು ಮುಖ್ಯ. ರ‍್ಯಾಮ್ 16 ಜಿಬಿ ಇರಲಿ. 8 ಜಿಬಿಯಲ್ಲಿ ಡಿಜೆ ನಡೆಯುತ್ತೆ, ಹಾಡು ಮಾಡೋವಾಗ ಉಸಿರು ಕಟ್ಟುತ್ತೆ. ಮುಂದೆ ರ‍್ಯಾಮ್ ಹೆಚ್ಚಿಸೋಕೆ ಜಾಗ ಇದೆಯಾ, ಇಲ್ಲಾ ಬೋರ್ಡಿಗೇ ಬೆಸುಗೆ ಹಾಕಿದ್ದಾರಾ, ಕೇಳಿ. ಯುಎಸ್‌ಬಿ ಕಿಂಡಿಗಳು ಎಣಿಸಿ. ಕಂಟ್ರೋಲರ್‌ಗೆ ಒಂದು, ಪೆನ್‌ಡ್ರೈವ್‌ಗೆ ಒಂದು ಬೇಕೇ ಬೇಕು. ಜಾತ್ರೆಯ ಜಂಗುಳಿಯಲ್ಲಿ ಅಗ್ಗದ ಹಬ್ ನಂಬಿ ಕೂರೋದು ಬೇಡ.

ಸ್ಟೋರೇಜ್ ಎಸ್‌ಎಸ್‌ಡಿನೇ ಆಗಿರಬೇಕು, 512 ಜಿಬಿ ಇದ್ದರೆ ನೆಮ್ಮದಿ. ತಿರುಗೋ ಹಾರ್ಡ್ ಡಿಸ್ಕ್ ಬೇಡವೇ ಬೇಡ. ಯಾಕೆ ಗೊತ್ತಾ? 2022ರಲ್ಲಿ ಮೈಕ್ರೋಸಾಫ್ಟ್‌ನ ಇಂಜಿನಿಯರ್ ರೇಮಂಡ್ ಚೆನ್ ಒಂದು ಹಳೇ ವಿಚಾರ ಬರೆದರು. ಜಾನೆಟ್ ಜಾಕ್ಸನ್ ಅವರ 'ರಿದಮ್ ನೇಷನ್' ಹಾಡು ಹಾಕಿದ್ರೆ ಒಂದು ಕಾಲದ ಕೆಲವು ಲ್ಯಾಪ್‌ಟಾಪ್‌ಗಳು ಬಂದ್ ಬೀಳ್ತಿದ್ದವಂತೆ. ಆ ಹಾಡಿನ ಒಂದು ಕಂಪನಾಂಕ ಹಾರ್ಡ್ ಡಿಸ್ಕಿನ ಸಹಜ ಕಂಪನಾಂಕಕ್ಕೆ ಹೊಂದಿಕೆಯಾಗಿ ಡಿಸ್ಕೇ ನಡುಗುತ್ತಿತ್ತು. ಒಂದು ಸಣ್ಣ ಲ್ಯಾಪ್‌ಟಾಪ್ ಸ್ಪೀಕರ್‌ಗೇ ಹೀಗಾದ್ರೆ, ರಾಣೆಬೆನ್ನೂರಿನ ಮೆರವಣಿಗೆಯಲ್ಲಿ ಟ್ರಾಲಿ ತುಂಬಾ ಬೇಸ್ ಬಾಕ್ಸ್ ಪೇರಿಸಿದ ಕಡೆ ಏನಾಗಬೇಡ? ಎಸ್‌ಎಸ್‌ಡಿಯಲ್ಲಿ ತಿರುಗೋ ಭಾಗವೇ ಇಲ್ಲ, ಈ ಭಯವೂ ಇಲ್ಲ.

ಇನ್ನು ಗೇಮಿಂಗ್ ಲ್ಯಾಪ್‌ಟಾಪ್. ಕೆಂಪು ಲೈಟು, ಹಸಿರು ಲೈಟು, ದೊಡ್ಡ ಗ್ರಾಫಿಕ್ಸ್ ಕಾರ್ಡು. ಹುಡುಗರ ಕಣ್ಣು ಅಲ್ಲೇ ನಿಲ್ಲುತ್ತೆ. ಪ್ರೊಸೆಸರ್ ಗಟ್ಟಿ ಇರುತ್ತೆ, ನಿಜ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ದುಡ್ಡು ಹಾಡು ಕಟ್ಟೋ ಕೆಲಸಕ್ಕೆ ಹೆಚ್ಚೇನೂ ಬರಲ್ಲ. ಅದರ ಫ್ಯಾನ್ ಗುಂಯ್ ಅನ್ನೋದು ಪಕ್ಕದಲ್ಲೇ ಇರೋ ಮೈಕಿನಲ್ಲಿ ರೆಕಾರ್ಡ್ ಆಗುತ್ತೆ. ಚಾರ್ಜರ್ ಇಟ್ಟಿಗೆಯಷ್ಟು ಭಾರ, ಬ್ಯಾಟರಿ ಬೇಗ ಖಾಲಿ. ಹಾಡಿನಿಂದ ಧ್ವನಿ, ತಾಳವಾದ್ಯಗಳನ್ನ ಬೇರೆ ಮಾಡೋ ಸ್ಟೆಮ್ಸ್ ಸೌಲಭ್ಯ ಈಗಿನ ಡಿಜೆ ಸಾಫ್ಟ್‌ವೇರ್‌ಗಳಲ್ಲಿದೆ, ಅದಕ್ಕೆ ಶಕ್ತಿ ಬೇಕು ಅಂತೀರಾ? ಹಾಗಿದ್ರೆ ಆ ಸಾಫ್ಟ್‌ವೇರ್ ಕಂಪನಿ ಏನು ಬೇಕು ಅಂತ ಪಟ್ಟಿ ಕೊಟ್ಟಿದೆಯೋ ಅದನ್ನ ಫೋನಿನಲ್ಲಿ ತೆಗೆದು ಅಂಗಡಿಯವನ ಮುಂದೆ ಇಡಿ. ಮೊದಲು ಸಾಫ್ಟ್‌ವೇರ್, ಆಮೇಲೆ ಲ್ಯಾಪ್‌ಟಾಪ್. ಗಾಡಿ ನೋಡಿ ಎತ್ತು ಕೊಳ್ತೀವಲ್ಲ, ಹಾಗೆ.

ಮ್ಯಾಕ್‌ಬುಕ್ ಬೇಕಾ? ಒಳ್ಳೇ ಯಂತ್ರವೇ. ಧ್ವನಿ ವ್ಯವಸ್ಥೆ ಅದರಲ್ಲೇ ಸೊಗಸಾಗಿ ಜೋಡಿಸಿದ್ದಾರೆ. ವಿಂಡೋಸ್‌ನಲ್ಲಿ ಅಷ್ಟೇ ಕಡಿಮೆ ತಡ ಸಿಗಬೇಕು ಅಂದ್ರೆ ಆಸಿಯೊ ಡ್ರೈವರ್ ಇರೋ ಆಡಿಯೊ ಇಂಟರ್‌ಫೇಸ್ ಬೇಕು. ಲ್ಯಾಪ್‌ಟಾಪ್‌ನಲ್ಲಿ ಲಾಜಿಕ್ ಪ್ರೊ ಬೇಕೇ ಬೇಕು ಅನ್ನೋರಿಗೆ ಮ್ಯಾಕ್ ಬಿಟ್ಟು ದಾರಿ ಇಲ್ಲ. ಎಫ್‌ಎಲ್ ಸ್ಟುಡಿಯೊ, ಏಬಲ್ಟನ್ ಲೈವ್, ಸೆರಾಟೊ, ವರ್ಚುವಲ್ ಡಿಜೆ ಇವೆಲ್ಲ ಎರಡರಲ್ಲೂ ನಡೀತವೆ. ಆದರೆ ಒಂದು ಮಾತು. 2020ರ ಕೊನೆಯಲ್ಲಿ ಬಂದ ಎಂ1ನಿಂದ ಈಚೆಗೆ ಮ್ಯಾಕ್‌ಬುಕ್ ಏರ್‌ಗೆ ಫ್ಯಾನ್ ಇಲ್ಲ. ರೂಮಿನಲ್ಲಿ ರೆಕಾರ್ಡಿಂಗ್‌ಗೆ ಅದು ವರ, ಸದ್ದೇ ಇಲ್ಲ. ಆದರೆ ಆಪಲ್ ಕಂಪನಿಯೇ ಹೇಳೋ ಬಳಕೆಯ ತಾಪಮಾನ 10ರಿಂದ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ಬ್ಯಾಡಗಿಯಲ್ಲಿ ಶಾಮಿಯಾನದ ಕೆಳಗೆ ಎಷ್ಟು ಡಿಗ್ರಿ ಇರುತ್ತೆ ಅಂತ ನಾನು ಹೇಳಬೇಕಾ? ಕಾವೇರಿದ್ರೆ ಯಾವ ಲ್ಯಾಪ್‌ಟಾಪ್ ಆದರೂ ತನ್ನನ್ನ ಉಳಿಸ್ಕೊಳ್ಳೋಕೆ ವೇಗ ಇಳಿಸುತ್ತೆ. ಫ್ಯಾನ್ ಇರೋ ಲ್ಯಾಪ್‌ಟಾಪ್‌ಗೆ ಇನ್ನೊಂದು ಶತ್ರು ಇದೆ, ಧೂಳು. ಸೀಸನ್‌ನಲ್ಲಿ ಬ್ಯಾಡಗಿ ಮಾರ್ಕೆಟ್ ಗಾಳಿಗೆ ಮನುಷ್ಯರೇ ಸೀನ್ತಾರೆ, ಫ್ಯಾನ್ ಏನು ಮಾಡೀತು? ವರ್ಷಕ್ಕೊಮ್ಮೆ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಮೆರವಣಿಗೆಯಲ್ಲಿ ಆಂಪ್ಲಿಫೈಯರ್ ಮೇಲೆ ಲ್ಯಾಪ್‌ಟಾಪ್ ಇಡಬೇಡಿ, ಅದು ಒಲೆ ಮೇಲೆ ಇಟ್ಟ ಹಾಗೆ.

ಕರೆಂಟಿನ ವಿಷಯಕ್ಕೆ ಬರೋಣ. ಜನರೇಟರ್ ಯಾವಾಗ ಕೆಮ್ಮುತ್ತೋ ಗೊತ್ತಿಲ್ಲ. ಹಾಗಾಗಿ ಬ್ಯಾಟರಿ ಗಟ್ಟಿ ಇರಬೇಕು. ಬಾಕ್ಸ್ ಆಫ್ ಆದ್ರೂ ಲ್ಯಾಪ್‌ಟಾಪ್ ಎಚ್ಚರ ಇದ್ರೆ, ಜನರೇಟರ್ ಬಂದ ಕೂಡಲೇ ಹಾಡು ಶುರು. ಲ್ಯಾಪ್‌ಟಾಪೂ ಆಫ್ ಆದ್ರೆ? ಅದು ಮತ್ತೆ ಏಳೋವರೆಗೆ ಸಾವಿರ ಜನ ನಿಮ್ಮ ಮುಖ ನೋಡ್ತಿರ್ತಾರೆ. ಚಾರ್ಜರ್ ಹಾಕಿದ ಕೂಡಲೇ ಬಾಕ್ಸಿನಲ್ಲಿ 'ಗುಂಯ್' ಅಂತ ಹಮ್ಮಿಂಗ್ ಬಂದ್ರೆ ಕೆಲವರು ಪ್ಲಗ್ಗಿನ ಅರ್ಥಿಂಗ್ ಪಿನ್ನೇ ಕಿತ್ತುಬಿಡ್ತಾರೆ. ದಯವಿಟ್ಟು ಮಾಡಬೇಡಿ. ಆ ಪಿನ್ ಇರೋದು ನಿಮ್ಮ ಜೀವಕ್ಕೆ. ಹಮ್ಮಿಂಗ್‌ಗೆ ಔಷಧ ಆಡಿಯೊ ತಂತಿಯಲ್ಲಿದೆ. ಡಿಐ ಬಾಕ್ಸ್ ಅಥವಾ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಮಳೆಗಾಲದ ಗಣಪತಿ, ಒದ್ದೆ ಟ್ರಾಲಿ, ಮೇಲೆ ತಂತಿಗಳು. ಇಲ್ಲಿ ಜುಗಾಡು ಬೇಡ.

ಇನ್ನೊಂದು, ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಕಿಂಡಿ ಒಂದರಿಂದಲೇ ಡಿಜೆ ಸರಿಯಾಗಿ ನಡೆಯಲ್ಲ. ಜನಕ್ಕೆ ಒಂದು ಹಾಡು, ನಿಮ್ಮ ಕಿವಿಗೆ ಮುಂದಿನ ಹಾಡು, ಎರಡೂ ಬೇರೆ ಬೇರೆ ಹೋಗಬೇಕು. ಸೌಂಡ್ ಕಾರ್ಡ್ ಒಳಗೇ ಇರೋ ಕಂಟ್ರೋಲರ್ ಈ ಕೆಲಸ ಮಾಡುತ್ತೆ. ಹಾಗಾಗಿ ಇರೋ ದುಡ್ಡನ್ನೆಲ್ಲಾ ಲ್ಯಾಪ್‌ಟಾಪ್‌ಗೇ ಸುರಿಯಬೇಡಿ. ಕಂಟ್ರೋಲರ್, ಹೆಡ್‌ಫೋನ್, ಒಂದು ಮೈಕು, ಇದಕ್ಕೂ ಉಳಿಸಿ. ಮತ್ತೆ, ಇಡೀ ಕಾರ್ಯಕ್ರಮದ ಹಾಡುಗಳು ಒಂದು ಪೆನ್‌ಡ್ರೈವಲ್ಲೋ ಫೋನಲ್ಲೋ ಇರಲಿ, ಅದರ ತಂತಿ ಮಿಕ್ಸರ್‌ನ ಇನ್ನೊಂದು ಚಾನೆಲ್‌ಗೆ ಮೊದಲೇ ಚುಚ್ಚಿರಲಿ. ಯಂತ್ರ ಕೈ ಕೊಟ್ರೆ ಒಂದು ಫೇಡರ್ ಎತ್ತಿದ್ರೆ ಸಾಕು.

ಹೊಸದಕ್ಕೆ ದುಡ್ಡಿಲ್ಲ ಅನ್ನೋರು ಕೇಳಿ. ಕಂಪನಿಗಳು ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ತರದ ಲ್ಯಾಪ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗ್ತವೆ, ಮೈಕಟ್ಟು ಗಟ್ಟಿ. ಇಂಟೆಲ್ ಆದ್ರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಇರಲಿ, ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಬ್ಯಾಟರಿ ಹೊಸದು ಹಾಕಿಸಿ. ಸಾಫ್ಟ್‌ವೇರ್ ವಿಷಯದಲ್ಲಿ, ಕ್ರ್ಯಾಕ್ ಮಾಡಿದ್ದು ಬೇಡ. ಅದರ ಜೊತೆ ವೈರಸ್ಸೂ ಬರುತ್ತೆ, ಯಾವ ಕ್ಷಣದಲ್ಲಿ ನಿಲ್ಲುತ್ತೋ ಗೊತ್ತಿಲ್ಲ. ಡಿಜೆಗೆ ಮಿಕ್ಸ್ಸ್ ಅನ್ನೋ ಸಾಫ್ಟ್‌ವೇರ್ ಪೂರ್ತಿ ಉಚಿತ. ರೀಪರ್ ಅನ್ನ 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಕೊಳ್ಳೋಕೂ ಹಗುರ. ಎಫ್‌ಎಲ್ ಸ್ಟುಡಿಯೊ ಒಮ್ಮೆ ಕೊಂಡ್ರೆ ಮುಂದಿನ ಅಪ್‌ಡೇಟ್‌ಗಳಿಗೆ ಮತ್ತೆ ದುಡ್ಡಿಲ್ಲ.

ಸಂತೆಯಲ್ಲಿ ನಮ್ಮ ರೈತ ಎತ್ತು ಹೇಗೆ ಕೊಳ್ತಾನೆ? ಕೊಂಬಿಗೆ ಬಳಿದ ಬಣ್ಣ ನೋಡಿ ದುಡ್ಡು ಬಿಚ್ತಾನಾ? ಬಾಯಿ ತೆಗೆಸಿ ಹಲ್ಲು ನೋಡ್ತಾನೆ, ನಾಲ್ಕು ಹೆಜ್ಜೆ ನಡೆಸ್ತಾನೆ. ಲ್ಯಾಪ್‌ಟಾಪ್‌ಗೂ ಅದೇ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಹತ್ತು ನಿಮಿಷ ಕೇಳಿ. ಲೇಟೆನ್ಸಿಮಾನ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ಈ ವಿಂಡೋಸ್ ಲ್ಯಾಪ್‌ಟಾಪ್ ಧ್ವನಿ ತುಂಡಾಗದ ಹಾಗೆ ಕೊಡಬಲ್ಲದಾ ಅಂತ ಅದು ಹೇಳುತ್ತೆ. ಓಡಿಸಿ. ಚಾರ್ಜರ್ ಹಾಕಿ ನೋಡಿ, ಕಿತ್ತು ನೋಡಿ. ವೈಫೈ ಆನ್ ಮಾಡಿ ನೋಡಿ, ಆಫ್ ಮಾಡಿ ನೋಡಿ. ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದೆಯಾ, ದಾವಣಗೆರೆಯಲ್ಲಿದೆಯಾ, ಬೆಂಗಳೂರಿಗೇ ಕಳಿಸಬೇಕಾ, ಕೇಳಿ. ಚೌತಿಯ ವಾರದಲ್ಲಿ ಕೆಟ್ರೆ ಈ ಪ್ರಶ್ನೆಯ ಬೆಲೆ ಗೊತ್ತಾಗುತ್ತೆ. ಒಪ್ಪದ ಅಂಗಡಿಯವನಿಗೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೀರಿ.

ಕೊನೆಗೆ ದುಡ್ಡಿನ ಲೆಕ್ಕ. ಒಂದು ಕಾರ್ಯಕ್ರಮಕ್ಕೆ ಎಲ್ಲಾ ಖರ್ಚು ಕಳೆದು ನಿಮಗೆ 2,000 ರೂಪಾಯಿ ಉಳಿಯುತ್ತೆ ಅಂತ ಇಟ್ಕೊಳ್ಳಿ. 90,000ದ ಲ್ಯಾಪ್‌ಟಾಪ್ ದುಡ್ಡು ವಾಪಸ್ ಬರೋಕೆ 45 ಕಾರ್ಯಕ್ರಮ ಬೇಕು. 40,000ದ್ದಕ್ಕೆ 20 ಸಾಕು. ನಿಮ್ಮೂರಿನ ಸುತ್ತ ವರ್ಷಕ್ಕೆ 45 ಕಾರ್ಯಕ್ರಮ ನಿಮಗೇ ಬರ್ತವಾ? ನಿಮ್ಮ ಸಂಖ್ಯೆ ಹಾಕಿ, ನೀವೇ ಭಾಗಿಸಿ ನೋಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಅದಕ್ಕೆ ಹಾಸಿಗೆ ಎಷ್ಟುದ್ದ ಅಂತ ಮೊದಲು ಅಳೀಬೇಕಲ್ಲ?

ಉಳಿದ ದುಡ್ಡಲ್ಲಿ ಒಂದು ಜೊತೆ ಇಯರ್‌ಪ್ಲಗ್ ಕೊಳ್ಳಿ. ಇದು ತಮಾಷೆ ಅಲ್ಲ. 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ಗಂಟೆ ಮಿತಿ ಅಂತ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹೇಳುತ್ತೆ. 100 ಡೆಸಿಬಲ್ ಆದ್ರೆ ಬರೀ 15 ನಿಮಿಷ. ಟ್ರಾಲಿ ಮೇಲೆ ನಿಂತ ಡಿಜೆ ಎಷ್ಟು ಗಂಟೆ ನಿಲ್ತಾನೆ, ನೀವೇ ಹೇಳಿ. ಲ್ಯಾಪ್‌ಟಾಪ್ ಹೋದ್ರೆ ಇನ್ನೊಂದು ತರಬಹುದು, ಹೋದ ಕಿವಿ ಯಾವ ಅಂಗಡಿಯಲ್ಲೂ ಸಿಗಲ್ಲ.

ಕಿವಿ ಅಂದಾಗ ನೆನಪಾಗುತ್ತೆ. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು, ಅದೇ ತಾಲ್ಲೂಕಿನಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು, ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ. ಕಿವಿಯೊಂದನ್ನೇ ನಂಬಿ ಅವರು ಸಂಗೀತದ ಪರಂಪರೆಯನ್ನೇ ಕಟ್ಟಿದ್ರು. ಆ ಜಿಲ್ಲೆಯ ಹುಡುಗರು ಅಂಗಡಿಯಲ್ಲಿ ಲೈಟು ನೋಡಿ, ಲೋಗೊ ನೋಡಿ ಸಂಗೀತದ ಯಂತ್ರ ಆರಿಸಬಾರದು. ಮುಂದಿನ ಸಲ ಆ ಪ್ರಶ್ನೆ ಹಿಡ್ಕೊಂಡು ಅಂಗಡಿಗೆ ಹೋಗೋ ಮೊದಲು ಮನೆಯಲ್ಲಿ ಅಪ್ಪ, ಮಗ, ಅವ್ವ ಮೂವರೂ ಕೂತು ಒಂದು ಹಾಳೆ ಮೇಲೆ ಬರೀರಿ. ವರ್ಷದಲ್ಲಿ ಎಷ್ಟು ದಿನ ಬಾಕ್ಸ್ ಮುಂದೆ, ಎಷ್ಟು ದಿನ ಮೈಕ್ ಮುಂದೆ, ಎಷ್ಟು ದಿನ ಸುಮ್ಮನೆ. ಸುಮ್ಮನೆ ಇರೋ ದಿನಗಳನ್ನ ಯಾವ ಲ್ಯಾಪ್‌ಟಾಪ್ ದುಡಿಮೆಯ ದಿನ ಮಾಡುತ್ತೋ, ಅದೇ ನಿಮಗೆ ಛಲೋ ಲ್ಯಾಪ್‌ಟಾಪ್.